ಕಪಿಲನಿಗೆ ಕೊಟ್ಟ ಚೆಂಡು

ಹುಮನಾಬಾದ್
8-7-2025, ಮಂಗಳವಾರ

ಪ್ರೀತಿಯ ಸಂಜುಅಣ್ಣಾ,

ಇಪ್ಪತ್ತರಲ್ಲಿ ಹದಿನಾರು! ನನ್ನ ಗಂಡ ಕೊನೆಯ ಆರು ಸೆಕೆಂಡಿನಲ್ಲಿ ಮಾಡಿದ್ದೇ ಸರಿ ಎಂದು ಸಾಬೀತಾಯಿತು, ಕುಣಿಯಬೇಕು ಅನ್ನಿಸುತ್ತಿದೆ! ನಿನ್ನ ಕೆಮ್ಮು ಹೇಗಿದೆ? ವೈನಿ ಮಾಡಿಕೊಡುವ ಕಷಾಯ ಕುಡಿಯುತ್ತೀಯೋ, ತುಳಸಿ ಕುಂಡಕ್ಕೆ ಸುರಿಯುತ್ತೀಯೋ? ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಈ ಕಾಗದ. ಇಂಗ್ಲಿಷ್ ಮೀಡಿಯಂ ಕೈ ಇದು, ಒತ್ತಕ್ಷರ ತಪ್ಪಿದ್ದರೆ ನಗಬೇಡ.

ಭಾನುವಾರ ಬಸವಕಲ್ಯಾಣದ ಬಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ನಾವು, ಅಂದರೆ ಹುಮನಾಬಾದಿನವರು (ಮದುವೆಯಾಗಿ ಎರಡೇ ತಿಂಗಳಿಗೆ "ನಾವು" ಆಗಿಬಿಟ್ಟೆ ನೋಡು!), ಒಂದು ಪಾಯಿಂಟ್ ಹಿಂದಿದ್ದೆವು. ಕೊನೆಯ ಆರು ಸೆಕೆಂಡು, ಚೆಂಡು ನಮ್ಮ ಇವರ ಕೈಯಲ್ಲಿತ್ತು. ಇಬ್ಬರು ಬಂದು ಅಡ್ಡಗಟ್ಟಿದರು. ರಿಂಗಿನ ಎಡಕ್ಕೆ ನಮ್ಮ ಟೀಮಿನ ಕಪಿಲ ಒಬ್ಬನೇ ನಿಂತಿದ್ದ, ಅವನಿಗೆ ಪಾಸ್ ಕೊಟ್ಟರು. ಅವನು ಎಸೆದ ಚೆಂಡು ರಿಂಗಿನ ಮೇಲೆ ಸುತ್ತು ಹಾಕಿ ಹೊರಗೆ ಬಿತ್ತು. ಸೋತೆವು. ನೀನು ಕಲಬುರಗಿಯಲ್ಲಿ ಕೂತು ವಿಡಿಯೋ ನೋಡಿ ಮನೆಯವರ ಗ್ರೂಪಿನಲ್ಲೇ ಬರೆದೆ: "ಗುರುಲಿಂಗ ಪುಕ್ಕಲ. ತಾನೇ ಹೊಡಿಬೇಕಿತ್ತು. ವಿಭಾಗದ ಟೀಮಿನಿಂದ ಹೆಸರು ತೆಗೆದೆ." ಆರಿಸುವವನು ನೀನೇ ತಾನೆ, ಯಾರು ಕೇಳಬೇಕು! ಇವರು ಶೂ ಒಯ್ದು ಅಟ್ಟದ ಮೇಲಿಟ್ಟರು. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ನಿನ್ನೆ ಸಂಜೆ ಇವರನ್ನೂ ಕಪಿಲನನ್ನೂ ಮೈದಾನಕ್ಕೆ ಎಳೆದೊಯ್ದೆ. ಕಪಿಲ ಅದೇ ಜಾಗದಿಂದ ಇಪ್ಪತ್ತು ಸಲ ಎಸೆದ. ಇವರೂ ತಮ್ಮ ಜಾಗದಿಂದ ಇಪ್ಪತ್ತು ಎಸೆದರು, ಎದುರಿಗೆ ಓಣಿಯ ಇಬ್ಬರು ಕೈ ಎತ್ತಿ ನಿಂತಿದ್ದರು. ನಮ್ಮ ಅತ್ತೆ ತುಳಜಾಬಾಯಿಯವರು ಕಟ್ಟೆಯ ಮೇಲೆ ಕೂತು, ರಿಂಗಿನೊಳಗೆ ಬಿದ್ದದ್ದಕ್ಕೆಲ್ಲ ಒಂದೊಂದು ಶೇಂಗಾ ಇಟ್ಟು ಲೆಕ್ಕ ಹಿಡಿದರು. ಕಪಿಲನಿಗೆ ಹದಿನಾರು, ಇವರಿಗೆ ಐದು! "ನಮ್ಮ ಗುರುಲಿಂಗ ಮಾಡಿದ್ದೇ ಖರೇ ಅದಲ್ಲ! ನಿಮ್ಮ ಅಣ್ಣಗ ಇದು ಯಾಕ ತಿಳಿವಲ್ತು?" ಎಂದು ಅತ್ತೆ ಆ ಶೇಂಗಾ ಎಲ್ಲ ನನ್ನ ಉಡಿಗೆ ಸುರಿದರು.

ಯಾಕೆ ತಿಳಿಯುವುದಿಲ್ಲ ಎಂದು ನಾನು ಹೇಳಲೇ? ನಿನ್ನ ಕಾಲೇಜಿನ ಕೊನೆಯ ಮ್ಯಾಚ್. ನಿನಗೂ ಇಬ್ಬರು ಅಡ್ಡ ಬಂದಿದ್ದರು. ನೀನು ಅವರ ತಲೆಯ ಮೇಲಿಂದ ಹೊಡೆದೆ, ಬಿತ್ತು, ಊರೇ ನಿನ್ನನ್ನು ಹೆಗಲ ಮೇಲೆ ಹೊತ್ತಿತು. ರಿಂಗಿನ ಕೆಳಗೆ ನಿನ್ನದೇ ಟೀಮಿನ ದೇವಿದಾಸಣ್ಣ ಕೈ ಎತ್ತಿಕೊಂಡು ಒಬ್ಬನೇ ನಿಂತಿದ್ದನ್ನು ನಾನು ನೋಡಿದ್ದೆ, ಅಣ್ಣಾ. ನೀನೂ ನೋಡಿದ್ದೆ. ಅದೃಷ್ಟಕ್ಕೆ ಚೆಂಡು ಬಿತ್ತು ಅಷ್ಟೇ. ನಿನ್ನ ನಿರ್ಧಾರ ಅವತ್ತೂ ತಪ್ಪು, ಇವತ್ತೂ ತಪ್ಪು.

ವೈನಿಗೆ ನಮಸ್ಕಾರ, ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು. ನಿನಗೆ ಸದ್ಯಕ್ಕೆ ಏನೂ ಇಲ್ಲ.

ಎಷ್ಟು ಜಗಳಾಡಿದರೂ ನಿನ್ನವಳೇ,
ವಿಜಯಶ್ರೀ

ತಾ.ಕ.: ಪಂಚಮಿಗೆ ನೀನು ಕರೆಯಲು ಬರುವವರೆಗೆ ನಾನು ಕಾಯುವುದಿಲ್ಲ. ನಿನ್ನ ಟೀಮಿನ ಪಟ್ಟಿ ಸೋಮವಾರ ಹೋಗುತ್ತದಲ್ಲ? ಅದಕ್ಕೂ ಮುಂಚೆ ಚೆಂಡು ನಿನ್ನ ಕೈಯಲ್ಲಿ ಕೊಡುತ್ತೇನೆ. ನಾನೂ ಇವರೂ ನಿನ್ನ ಎದುರು ಅಡ್ಡ ನಿಲ್ಲುತ್ತೇವೆ, ದೇವಿದಾಸಣ್ಣ ರಿಂಗಿನ ಕೆಳಗೆ ಕೈ ಎತ್ತಿ ನಿಲ್ಲುತ್ತಾನೆ. ಆರೇ ಸೆಕೆಂಡು. ಕೇಳಿದ ಕೂಡಲೇ ಅವನು ಬರುತ್ತೇನೆ ಅಂದ, ಇವರ ಶೂ ಕೂಡ ಅಟ್ಟದಿಂದ ಕೆಳಗಿಳಿದಿದೆ. ಸ್ಟೇಷನ್ನಿಗೆ ಬಾ: ಭಾನುವಾರ, ಬೆಳಗಿನ ಬೀದರ್–ಕಲಬುರಗಿ ಡೆಮು ರೈಲು.