ಅಗಿದು ಉಗಿದದ್ದು

ನವೆಂಬರ್ ೧೭, ಭಾನುವಾರ

ಅಕ್ಕನ ಮಗಳು ಇಲಿಮರಿಗೆ ಬೇಕರಿ ಮಾಮನ ಆಶೀರ್ವಾದಗಳು.

ಮೊದಲು ಈ ಸುದ್ದಿ ಕೇಳು. ಎಂಡೋಸ್ಕೋಪಿ ಕೊಳವೆಯನ್ನು ನನ್ನಷ್ಟು ಚೆನ್ನಾಗಿ ನುಂಗಿದವರು ಜಗತ್ತಿನಲ್ಲೇ ಇಲ್ಲ. ಡಾಕ್ಟರುಗಳೆಲ್ಲ ಸಾಲಾಗಿ ನಿಂತು ನೋಡಿದರು. ಅವರಲ್ಲೊಬ್ಬರು, 'ಯಜಮಾನ್ರೇ, ನಮ್ಮ ಹುಡುಗ್ರಿಗೆ ಒಂದು ಪಾಠ ಮಾಡಿ' ಎಂದು ಕೈ ಮುಗಿದರು. ನಿಜ ಹೇಳಬೇಕೆಂದರೆ, ನರ್ಸಮ್ಮ ಗಂಟಲಿಗೆ ಔಷಧಿ ಹೊಡೆದು, 'ತಾತ, ಒದೀಬೇಡಿ' ಎಂದದ್ದಷ್ಟೇ ನೆನಪಿದೆ.

ನಿನ್ನ ಪತ್ರಗಳಿಗೆ ಇಷ್ಟು ದಿನ ಉತ್ತರ ಬರೆಯದೆ ಕೂತದ್ದು ತಪ್ಪಾಯಿತು. ಫೋನ್ ಮಾಡೋಣವೆಂದರೆ, ನಿನ್ನ ದನಿ ಕೇಳಿದೊಡನೆ ನನ್ನ ಸುಳ್ಳುಗಳಿಗೆ ಕಾಲು ನಡುಗುತ್ತದೆ. ತೂಕ ಎಷ್ಟು ಇಳಿದಿದೆ ಎಂದು ಕೇಳಿದ್ದೆಯಲ್ಲ, ಎರಡು ಕೆಜಿ, ಅಷ್ಟೆ. ಸೊಂಟಕ್ಕೆ ಒಳ್ಳೆಯದೇ ಆಯಿತು.

ಹೋದ ವರ್ಷ ನೀನೇ ಕರೆದುಕೊಂಡು ಹೋಗಿ ಮಾಡಿಸಿದ ಪರೀಕ್ಷೆ ನೆನಪಿದೆಯೇ? ಇದು ಸೀಲಿಯಾಕ್ ಕಾಯಿಲೆ, ಗೋಧಿ ಈ ಕರುಳಿಗೆ ಆಗದು ಎಂದಾಗ ನಿನ್ನ ಕಣ್ಣಲ್ಲಿ ನೀರು ಬಂತು, ನನಗೆ ನಗು ಬಂತು. ಜೀವಮಾನವೆಲ್ಲ ಮೈದಾದಲ್ಲಿ ಮುಳುಗಿದವನಿಗೆ ಮೈದಾವೇ ವಿಷವಂತೆ. ಅಂದಿನಿಂದ ಅನ್ನ, ಜೋಳ, ಕಾಳು ಬಿಟ್ಟು ಬೇರೇನೂ ನುಂಗಿಲ್ಲ. ಬನ್ನಿನ ಚೂರೂ ಇಲ್ಲ, ನಿನ್ನಾಣೆ.

ಮೊನ್ನೆಯದು ಕರುಳು ವಾಸಿಯಾಗಿದೆಯೇ ಎಂದು ನೋಡುವ ಪರೀಕ್ಷೆ. ಡಾಕ್ಟರಮ್ಮ ಹೋದ ವರ್ಷದ ಚಿತ್ರವನ್ನೂ ಈ ವರ್ಷದ್ದನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಒಳ್ಳೆಯ ಕರುಳೆಂದರೆ ಹೊಸ ಟವೆಲ್ಲಿನ ಹಾಗಂತೆ, ಒಳಗೆಲ್ಲ ಎಳೆ ಎಳೆ. ಊಟದ ಸತ್ವ ಹೀರುವುದು ಆ ಎಳೆಗಳೇ. ನನ್ನದು ಅಂಗಡಿಯ ಮೇಜು ಒರೆಸುವ ಸವೆದ ಬಟ್ಟೆ. ಎರಡು ಚಿತ್ರಕ್ಕೂ ವ್ಯತ್ಯಾಸವೇ ಇರಲಿಲ್ಲ. ಕರುಳಿನಿಂದ ಚಿವುಟಿ ತೆಗೆದ ಚೂರುಗಳ ವರದಿಯೂ ಅದನ್ನೇ ಹೇಳಿತು.

'ಎಲ್ಲಿಂದಲೋ ಗೋಧಿ ಒಳಗೆ ಹೋಗ್ತಾ ಇದೆ' ಎಂದರು.

'ಏನೂ ನುಂಗಿಲ್ಲಮ್ಮ. ಬೆಳಿಗ್ಗೆ ಮೊದಲ ಬ್ರೆಡ್ಡು ಒಲೆಯಿಂದ ಬಂದಾಗ ಒಂದು ತುಂಡು ಅಗೀತೀನಿ. ಅಗಿದು ಉಗಿದುಬಿಡ್ತೀನಿ. ಬಾಯಿ ಬೇರೆ ಮುಕ್ಕಳಿಸ್ತೀನಿ.'

ಅವರು ಪೆನ್ನು ಕೆಳಗಿಟ್ಟರು. 'ದಿನಾನೂನಾ?'

'ದಿನಾ ಬ್ರೆಡ್ ಸುಡ್ತೀನಲ್ಲ.'

'ಅಷ್ಟೇ ಸಾಕು. ಉಗಿದ್ರೂ ಉಳಿದಿದ್ದು ಹೊಟ್ಟೆಗೆ ಹೋಗುತ್ತೆ. ಹೀಗೇ ಆದ್ರೆ ಈ ಕರುಳು ಚೇತರಿಸ್ಕೊಳ್ಳಲ್ಲ, ಮುಂದೆ ದೊಡ್ಡ ಕಾಯಿಲೆಗೆ ತಿರುಗಬಹುದು. ರುಚಿ ನೋಡೋಕೆ ಬೇರೆ ಯಾರೂ ಇಲ್ವಾ?'

'ನನ್ನಂಥ ನಾಲಿಗೆ ಇನ್ನೊಂದಿಲ್ಲಮ್ಮ' ಎಂದು ಜಂಬ ಕೊಚ್ಚಿಕೊಂಡೆ. ಅವರು ನಗಲಿಲ್ಲ.

ಹಾಗಾಗಿ ಇವತ್ತು ಅಗಿಯಲಿಲ್ಲ. ಹಿಟ್ಟಿನ ಧೂಳೂ ಬೇಡವೆಂದಿದ್ದಾರೆ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ನನ್ನ ಅಂಗಡಿಗೇ ಕನ್ನ ಹಾಕಲು ಬಂದವನಂತೆ ನಿಂತಿದ್ದೆ. ಬ್ರೆಡ್ಡನ್ನು ಬೆರಳಿನಿಂದ ಒತ್ತಿದೆ, ಕಿವಿಯ ಬಳಿ ಹಿಡಿದು ತಟ್ಟಿದೆ. ಚೆನ್ನಾಗಿಯೇ ಬಂದಿತ್ತು. ಕೊಳ್ಳುವವರು ಕೊಂಡು ಹೋದರು, ಯಾರೂ ಏನೂ ಅನ್ನಲಿಲ್ಲ.

ನೀನು ಹೊಟ್ಟೆ ತುಂಬ ಉಣ್ಣು. ಅಮ್ಮನಿಗೆ ಈ ಪತ್ರ ತೋರಿಸಬೇಡ, ಅಕ್ಕ ಬಂದು ನನ್ನ ಕಿವಿ ಹಿಂಡುತ್ತಾಳೆ. ನಿನಗೂ ನಿನ್ನ ಮನೆಯವರಿಗೂ ಒಳ್ಳೆಯದಾಗಲಿ.

ಇಂತಿ,
ನಿನ್ನ ಮಾಮ

ಮೇಲೆ ಬರೆಯದೆ ಬಿಟ್ಟದ್ದು: ಇದರ ಜೊತೆ ಬಟ್ಟೆ ಸುತ್ತಿ ಒಂದು ಜಾಡಿ ಕಳಿಸಿದ್ದೇನೆ. ನಿನ್ನ ಅತ್ತೆ ನನ್ನನ್ನು ಮದುವೆಯಾಗಿ ಬಂದ ಹೊಸತರಲ್ಲಿ ಕಲಸಿಟ್ಟ, ಬ್ರೆಡ್ಡು ಉಬ್ಬಿಸುವ ಹುಳಿ ಹಿಟ್ಟು. ದಿನಾ ಒಂದು ಹಿಡಿ ತೆಗೆದು ಬ್ರೆಡ್ಡಿಗೆ ಬೆರೆಸಿ, ಜಾಡಿಗೆ ಹೊಸ ಹಿಟ್ಟು ಒಂದು ಹಿಡಿ ಸೇರಿಸಿ ಇಲ್ಲಿಯವರೆಗೆ ಉಳಿಸಿಕೊಂಡು ಬಂದೆ. ಅವಳು ಹೋದ ಮೇಲೆ ಮೊದಲು ಅವಳ ದನಿ ಮರೆತುಹೋಯಿತು, ಆಮೇಲೆ ನಡಿಗೆ. ಅವಳ ಕೈಯ ಆ ಹುಳಿಯೊಂದೇ ನಾಲಿಗೆಯಲ್ಲಿ ಉಳಿದಿತ್ತು. ಬೆಳಿಗ್ಗೆ ಒಂದು ತುಂಡು ಅಗಿಯುವಷ್ಟು ಹೊತ್ತು ಅವಳು ಒಲೆಯ ಪಕ್ಕದಲ್ಲೇ ಇರುತ್ತಿದ್ದಳು. ನಾನು ಬ್ರೆಡ್ಡಿನ ರುಚಿ ನೋಡುತ್ತಿರಲಿಲ್ಲ, ಮಗಳೇ.

ಚಿಕ್ಕಂದಿನಲ್ಲಿ ಅವಳ ಹಿಂದೆಯೇ ಸುತ್ತಿ ಬಿಸಿ ಬ್ರೆಡ್ಡು ಕದ್ದು ತಿಂದವಳು ನೀನು. ಆ ರುಚಿ ಗೊತ್ತಿರುವ ಬಾಯಿ ಇನ್ನು ನಿನ್ನದೊಂದೇ. ಸುಟ್ಟು, ತಿಂದು ನೋಡಿ ಬರೆ. ಇನ್ನೂ ಅವಳದೇ ರುಚಿ ಇದ್ದರೆ ಇದೆ ಎಂದು ಬರೆ. ಇಲ್ಲದಿದ್ದರೂ ಇದೆ ಎಂದೇ ಬರೆ.

ಮತ್ತೆ ತೂಕದ ಮಾತು. ಹಿಟ್ಟಿನ ಚೀಲ ತೂಗುವ ತಕ್ಕಡಿಯ ಮೇಲೆ ನಿಂತು ನೋಡಿದೆ. ಎರಡಲ್ಲ, ಹದಿನೆಂಟು.