ಭಾರ ಹೆಚ್ಚಿದ ಚೀಲ

ಶುಕ್ರವಾರ, ಮಾರ್ಚ್ ೭

ಭಾನುವಾರ ಅಕ್ಕನೊಡನೆ ಬೆಟ್ಟ ಹತ್ತಲು ನನ್ನ ಹೆಗಲು ಒಪ್ಪೀತೇ ಎಂಬುದೇ ಬೆಳಗಿನಿಂದ ಚಿಂತೆ. ಅಂಗಡಿಯಲ್ಲಿದ್ದ ಅತ್ಯಂತ ಹಗುರವಾದ ಬೆನ್ನುಚೀಲವನ್ನೇ ಆರಿಸಿದೆ. ಹೊತ್ತು ನೋಡಲೆಂದು ಅಲ್ಲಿಟ್ಟಿದ್ದ ಮರಳಿನ ಪೊಟ್ಟಣ ತುಂಬಿ ಹೊತ್ತೊಡನೆ ಅದು ಜೋತುಬಿದ್ದು, ಹಿಂದೊಮ್ಮೆ ಮುರಿದಿದ್ದ ಎಡಹೆಗಲನ್ನು ಹಿಂಡಿತು.

ಅಂಗಡಿಯವನು ತುಸು ಭಾರವಾದ ಇನ್ನೊಂದನ್ನು ತಂದು, ಅದೇ ಮರಳನ್ನು ತುಂಬಿ, ಮೊದಲು ಸೊಂಟದ ಪಟ್ಟಿಯನ್ನು ಬಿಗಿದ. "ಈಗ ನಡೀರಿ, ಯಜಮಾನ್ರೇ."

ಹೆಗಲಿಗೆ ಭಾರದ ಸುಳಿವೇ ಇಲ್ಲ. ಇದೆಂತಹ ಸೋಜಿಗ? ಪಟ್ಟಿಯನ್ನು ಸಡಿಲಿಸಿ ನಡೆದೆ, ಬಿಗಿದು ನಡೆದೆ, ಮತ್ತೆ ಸಡಿಲಿಸಿದೆ.

ಜೊತೆಗೆ ಬಂದಿದ್ದ ಅಕ್ಕ ನಕ್ಕಳು. "ಇದೇನು ಹೊಸ ವಿದ್ಯೆನೇನೋ? ಚಿಕ್ಕವನಿದ್ದಾಗ ನಿನ್ನನ್ನ ನಾನು ಹೆಗಲ ಮೇಲೆ ಹೊತ್ಕೊಂಡು ತಿರುಗಿದ್ನಾ? ಸೊಂಟದ ಮೇಲೆ ತಾನೇ."

ಭಾನುವಾರ ಹೊರಡುವುದು ನಿಶ್ಚಯ. ಅಕ್ಕನ ಪಾಲಿನ ನೀರನ್ನೂ ನನ್ನ ಚೀಲದಲ್ಲೇ ಇಟ್ಟುಕೊಳ್ಳಬೇಕು. ಅವಳು ಕೊಟ್ಟರೆ…