ಮಗಳನ್ನು ಕರೆದೊಯ್ಯಲು ಬಂದದ್ದು

ತಂಗೀ,

ಸುಖವಾಗಿ ತಲುಪಿದೆ, ಮಂಡಿನೋವೂ ನನ್ನ ಜೊತೆಗೇ ಬಂದಿಳಿಯಿತು. ನಿನ್ನೆ ಮಗಳು ಕೆಲಸ ಮಾಡುವ ಬಂದರಿಗೆ ಹೋಗಿದ್ದೆ. ಆಫೀಸಿನ ಒಂದೊಂದೇ ಮೇಜಿನ ಹತ್ತಿರ ಹೋಗಿ ಇಣುಕಿದೆ, ಎಲ್ಲೂ ಇಲ್ಲ. ಕಾವಲಿನವನು ನಕ್ಕುಬಿಟ್ಟ: "ಕತ್ತೆತ್ತಿ ನೋಡಿ ಯಜಮಾನ್ರೇ!" ನೋಡಿದರೆ, ಆರಂತಸ್ತಿನೆತ್ತರದ ಕ್ರೇನಿನ ಗಾಜಿನ ಗೂಡಿನಲ್ಲಿ ನಮ್ಮ ಹುಡುಗಿ! ಲಾರಿಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಯನ್ನು, ನೀನು ಸೊಂಟದ ಮೇಲಿಂದ ತುಂಬಿದ ಕೊಡ ಇಳಿಸುವ ಹಾಗೆ, ಸದ್ದಿಲ್ಲದೆ ಹಡಗಿಗಿಳಿಸಿದಳು. ಅಬ್ಸೊಲ್ಯೂಟ್ಲಿ ಮಾರ್ವೆಲಸ್!

ಕರೆದುಕೊಂಡು ಹೋಗಲೆಂದೇ ಬಂದವನಲ್ಲವೇ ನಾನು? ಊಟಕ್ಕೆ ಕೆಳಗಿಳಿದಾಗ ಹೇಳಿದೆ: "ಊರಿಗೆ ಹೆದ್ದಾರಿ ಬಂತು, ಫ್ಯಾಕ್ಟರಿ ಏಳ್ತಾ ಇದೆ. ಇನ್ನು ಬಂದ್ಬಿಡಮ್ಮ."

"ಅಲ್ಲಿ ನಂಗೇನು ಕೆಲಸ ಕೊಡ್ತಾರಂತೆ?"

"ಡಬ್ಬಕ್ಕೆ ಚೀಟಿ ಅಂಟಿಸೋದಂತೆ."

"ಕ್ರೇನ್ ಕೊಡ್ಲಿ ಅಪ್ಪಾ, ಮಾರನೇ ದಿನಾನೇ ಬರ್ತೀನಿ. ಅಲ್ಲೀವರೆಗೆ ನೀನೇ ಇಲ್ಲಿರು."

ಜನ ಊರು ಬಿಡುವುದೇಕೆ ಎಂಬುದಕ್ಕೆ ಕಾಲೇಜಿನಲ್ಲಿ ಪುಶ್ ಫ್ಯಾಕ್ಟರ್, ಪುಲ್ ಫ್ಯಾಕ್ಟರ್ ಅಂತ ಉರು ಹೊಡೆದಿದ್ದೆ, ಅರ್ಧ ಮರೆತಿದೆ. ರಸ್ತೆಯಾದರೆ ಹೋದವರು ವಾಪಸ್ಸು ಬರುತ್ತಾರೆ ಎಂದುಕೊಂಡಿದ್ದೆವು. ಅದೇ ರಸ್ತೆ ಹಿಡಿದು ನಾನೇ ಹೊರಟುಬಂದೆ ನೋಡು!

ಸದ್ಯಕ್ಕೆ ಇಲ್ಲೇ ಇರುತ್ತೇನೆ. ನನ್ನ ಮನೆಯನ್ನು, ಫ್ಯಾಕ್ಟರಿ ಕಟ್ಟಲು ಬಂದಿರುವ ಮೇಸ್ತ್ರಿಯ ಸಂಸಾರಕ್ಕೆ ಬಾಡಿಗೆಗೆ ಕೊಡು. ಅವರೂ ಊರು ಬಿಟ್ಟು ಬಂದವರು, ಅಡ್ವಾನ್ಸಿಗೆ ಪೀಡಿಸಬೇಡ. ನಿನ್ನ ಅತ್ತಿಗೆ ಹೋದಮೇಲೆ ಹೊಲಿಗೆ ಮೆಷಿನ್ನಿನ ಮುಸುಕು ನಾನು ತೆಗೆದೇ ಇಲ್ಲ. ಮೇಸ್ತ್ರಿಯ ಹೆಂಡತಿಗೆ ಹೊಲಿಯಲು ಬರುತ್ತಂತೆ. ಎಣ್ಣೆ ಬಿಟ್ಟು ಕೊಟ್ಟುಬಿಡು.

ಕಾರ್ಡು ತುಂಬಿತು.
ನಿನ್ನಣ್ಣ